ಬಾಕಿ ವಂತಿಗೆ

ಮುಂಬಯಿ ಬದುಕಿನ ಬಗ್ಗೆ ಏನಾದರೂ ಬರೆದುಕೊಡಿ ಎಂದಾಗ ನನಗೆ ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವಂಥದ್ದೇ. ಲೋಕಲ್ ಟ್ರೇನು, ಜುಲೈ ತಿಂಗಳ ಮಳೆ, ಹತ್ತು ಅಡಿ ಖೋಲಿಯಲ್ಲಿ ಎಂಟು ಜನ ಮಲಗುವ ಸಂಸಾರ. ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯಬಲ್ಲವರು ಬಹಳ ಜನ ಇದ್ದಾರೆ. ನಾನು ಧಾರವಾಡದಲ್ಲಿ ಎಂ.ಕಾಂ. ಮುಗಿಸಿ, ಒಂದು ರಾಷ್ಟ್ರೀಕೃತ ಬ್ಯಾಂಕು ಸೇರಿ, ಮೂವತ್ತಾರು ವರ್ಷ ಲೆಕ್ಕ ನೋಡಿ ನಿವೃತ್ತನಾದವನು. ನನಗೆ ಗೊತ್ತಿರುವುದು ಲೆಕ್ಕ ಒಂದೇ. ಆದ್ದರಿಂದ 930 ರೂಪಾಯಿಯ ಒಂದು ಲೆಕ್ಕದ ಬಗ್ಗೆ ಬರೆಯುತ್ತೇನೆ. ಪುಸ್ತಕದಲ್ಲಿ ಅದು ಜಮಾ ಆಗಿ ಕಾಲು ಶತಮಾನ ದಾಟಿದೆ. ನನ್ನಲ್ಲಿ ಮಾತ್ರ ಇನ್ನೂ ತಾಳೆಯಾಗಿಲ್ಲ.

ಮೊದಲು ನಮ್ಮ ಮನೆತನದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಗದಗ-ಬೆಟಗೇರಿ ಕಡೆಯವರು. ಅಜ್ಜ ನೇಕಾರ. ಮನೆಯ ಪಡಸಾಲೆಯಲ್ಲೇ ಕುಣಿಮಗ್ಗ ಇತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯಲ್ಲಿ ನೆಲೆಯೂರಿದರಲ್ಲ, ನಮ್ಮ ಮನೆತನ ಕ್ರಿಸ್ತಮತಕ್ಕೆ ಸೇರಿದ್ದು ಅವರಿಂದ. ಮನೆಮಾತು ಕನ್ನಡ, ಪ್ರಾರ್ಥನೆ ಕನ್ನಡ, ಜಗಳವೂ ಕನ್ನಡ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮುಂಬಯಿಯ ಬ್ಯಾಂಕಿನಲ್ಲಿ ನನ್ನ ಹೆಸರು ಕೇಳಿದವರೆಲ್ಲ "ಗೋವಾದವರಾ?" ಎನ್ನುತ್ತಿದ್ದರು. ಹೋಗಲಿ, ಅವರಿಗೇನು ಗೊತ್ತು. ನಮ್ಮ ಕನ್ನಡದ ಗೆಳೆಯರೂ "ನಿಮ್ಮ ಕನ್ನಡ ಎಷ್ಟು ಚಲೋ ಇದೆ" ಎಂದು ಮೆಚ್ಚಿಕೊಳ್ಳುತ್ತಿದ್ದರು, ಜರ್ಮನಿಯಿಂದ ನಿನ್ನೆ ಬಂದಿಳಿದವನಿಗೆ ಹೇಳುವ ಹಾಗೆ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಿಶನ್ನಿನಿಂದ ಎಂದು ನೆನಪಿಸಿದರೆ ಹೌದೌದು ಎಂದು ನಗುತ್ತಿದ್ದರು.

1986ರಲ್ಲಿ ವರ್ಗವಾಗಿ ಬಂದಾಗ ಊರಿನ ಹೆಸರು ಇನ್ನೂ ಬೊಂಬಾಯಿ. ಊರಲ್ಲಿರುವ ನಿಮಗೆ ಗುಡಿಯೋ ಮಸೀದಿಯೋ ಚರ್ಚೋ ಓಣಿಯ ತುದಿಯಲ್ಲೇ ಇರುತ್ತದೆ; ಬೇಡವೆಂದರೂ ಅದರ ಗಂಟೆ ಕಿವಿಗೆ ಬೀಳುತ್ತದೆ. ಪರ ಊರಲ್ಲಿ ಹುಡುಕಿಕೊಂಡು ಹೋಗಬೇಕು. ನನಗೆ ಸಿಕ್ಕಿದ ಕನ್ನಡ ಸಭೆಗೆ ಸ್ವಂತ ಕಟ್ಟಡವಿರಲಿಲ್ಲ. ಬೆಳಿಗ್ಗೆ ಬೇರೆ ಭಾಷೆಯವರ ಆರಾಧನೆ ಮುಗಿದು, ಸಂಜೆ ಐದಕ್ಕೆ ಆ ಹಾಲು ಬಾಡಿಗೆಗೆ ನಮ್ಮದಾಗುತ್ತಿತ್ತು. ಹುಬ್ಬಳ್ಳಿಯ ರೇಲ್ವೆಯವರು, ಬೀದರಿನ ದಾದಿಯರು, ವಿಜಾಪುರ ಕಡೆಯ ಗಿರಣಿ ಕಾಮಗಾರರು, ಬ್ಯಾಂಕಿನವರು ಮೂರು ಜನ. ಆರಾಧನೆ ಒಂದು ತಾಸು, ಆಮೇಲಿನ ಮಾತು ಎರಡು ತಾಸು. ಜೋಳದ ಹಿಟ್ಟು ಎಲ್ಲಿ ಚಲೋ ಸಿಗುತ್ತದೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಊರಲ್ಲಿ ಮಳೆ ಆಯಿತೋ ಇಲ್ಲವೋ. ನಾನು ದೇವರ ಮಾತು ಕೇಳಲು ಹೋಗುತ್ತಿದ್ದೆನೋ, ಕನ್ನಡದ ಮಾತು ಕೇಳಲು ಹೋಗುತ್ತಿದ್ದೆನೋ ಎಂದು ಆಗಲೂ ಅನುಮಾನವಿತ್ತು, ಈಗಲೂ ಇದೆ.

ಬ್ಯಾಂಕಿನವನು ಅಂತ 1992ರಲ್ಲಿ ನನ್ನನ್ನು ಸಭೆಯ ಖಜಾಂಚಿ ಮಾಡಿದರು. ಒಂದು ಕುಟುಂಬಕ್ಕೆ ತಿಂಗಳಿಗೆ ಐದು ರೂಪಾಯಿ ವಂತಿಗೆ. ಮೂರು ವರ್ಷ ಕೊಡದಿದ್ದರೆ ಹೆಸರು ತೆಗೆಯಬೇಕು, ಮದುವೆಗೆ, ದೀಕ್ಷಾಸ್ನಾನಕ್ಕೆ, ಮಣ್ಣಿಗೆ ಸಭೆಯ ಪತ್ರ ಕೊಡುವಂತಿಲ್ಲ ಎಂಬ ನಿಯಮ. ಕೇಳಲು ಕಠಿಣ, ಆದರೆ ಅದರ ಹಿಂದೆ ಬುದ್ಧಿ ಇಲ್ಲದಿರಲಿಲ್ಲ. ಹಾಲಿನ ಬಾಡಿಗೆ, ಅಯ್ಯನವರ ಸಂಬಳ ಎಲ್ಲಿಂದ ಬರಬೇಕು? ಜೀವಮಾನದಲ್ಲಿ ಒಮ್ಮೆಯೂ ಹೊಸ್ತಿಲು ತುಳಿಯದವರು ಮಣ್ಣು ಮಾಡುವ ಹೊತ್ತಿಗೆ ಮಾತ್ರ ಸಭೆಯ ಮಕ್ಕಳಾಗುತ್ತಿದ್ದದ್ದೂ ಇತ್ತು. ಮುಂಬಯಿಯಲ್ಲಿ ಬದುಕಲು ಆರಡಿ ಮೂರಡಿ ಸಿಗುವುದು ಹೇಗೆ ಕಷ್ಟವೋ, ಸತ್ತ ಮೇಲೂ ಹಾಗೆಯೇ. ಆ ನಿಯಮವನ್ನು ಸಮರ್ಥಿಸಿ ನಾನೇ ಎರಡು ಸಲ ಮಾತಾಡಿದ್ದೆ.

1997ರ ಜುಲೈ ತಿಂಗಳ ಮೊದಲ ಶನಿವಾರ. ಆಗ ಶನಿವಾರ ಬ್ಯಾಂಕು ಅರ್ಧ ದಿನ. ಮಧ್ಯಾಹ್ನ ಸಭೆಯ ಪುಟ್ಟ ಕೋಣೆಯಲ್ಲಿ ಲೆಕ್ಕ ಬರೆಯುತ್ತ ಕೂತಿದ್ದೆ. ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬಳು ಹುಡುಗಿ ತೊಯ್ದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

"ಸರ್, ಅಪ್ಪ ಮುಂಜಾನೆ ತೀರಿಕೊಂಡ್ರು. ಮಣ್ಣಿಗೆ ಚೀಟಿ ಬೇಕಾಗಿತ್ತು."

ಹೆಸರು ಕೇಳಿ ರಿಜಿಸ್ಟರ್ ತೆಗೆದೆ. ಹೆಸರೇನೋ ಇತ್ತು. 1982ರ ಜನವರಿವರೆಗೆ ತಿಂಗಳು ತಪ್ಪದೆ ವಂತಿಗೆ ಬಂದಿದೆ. ಆಮೇಲೆ ಕಾಲಂ ಖಾಲಿ, ಪುಟದ ಮೇಲೆ ಪುಟ ಖಾಲಿ. ನಿಯಮದ ಪ್ರಕಾರ 1985ರಲ್ಲೇ ಹೆಸರಿನ ಮೇಲೆ ಗೆರೆ ಎಳೆಯಬೇಕಿತ್ತು. ನನಗಿಂತ ಮೊದಲಿದ್ದ ಖಜಾಂಚಿ, ರೇಲ್ವೆಯಿಂದ ನಿವೃತ್ತರಾದ ಹಿರಿಯರು, ಗೆರೆ ಎಳೆದಿರಲಿಲ್ಲ. ಹೆಸರಿನ ಪಕ್ಕ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಹೊಸ ರಿಜಿಸ್ಟರಿಗೆ ನಕಲು ಮಾಡುವಾಗಲೆಲ್ಲ ಚುಕ್ಕೆ ಸಮೇತ ನಕಲು ಮಾಡುತ್ತ ಬಂದಿದ್ದರು. ನಾನೂ ಅರ್ಥ ಕೇಳದೆ ಚುಕ್ಕೆ ನಕಲು ಮಾಡಿದ್ದೆ.

ಅಯ್ಯನವರು ಒಂದು ಮದುವೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದರು, ಬರುವುದು ರಾತ್ರಿ. ಮೊಬೈಲು ಇಲ್ಲದ ಕಾಲ. ಅವರಿಲ್ಲದಾಗ ಪತ್ರಕ್ಕೆ ಸಹಿ ಹಾಕುವ ಅಧಿಕಾರ ನನಗಿತ್ತು, ಬಾಕಿ ಇಲ್ಲದವರಿಗೆ ಮಾತ್ರ. ಆಗ ನನಗೊಂದು ದಾರಿ ಹೊಳೆಯಿತು. ಹೆಸರು ತೆಗೆದಿಲ್ಲ, ಅಂದರೆ ಇವರು ಇನ್ನೂ ಸಭಿಕರೇ. ಬಾಕಿ ಕಟ್ಟಿದರೆ ಪತ್ರ ಕೊಡಲು ಅಡ್ಡಿಯಿಲ್ಲ. ನಂಬಿ, ಉಪಕಾರ ಮಾಡುತ್ತಿದ್ದೇನೆ ಎಂದೇ ನಾನು ಅಂದುಕೊಂಡಿದ್ದೆ. ಬೇರೆಯವನಾಗಿದ್ದರೆ ಹೆಸರೇ ಇಲ್ಲ ಎಂದು ಅಟ್ಟುತ್ತಿದ್ದ! 186 ತಿಂಗಳು, ತಿಂಗಳಿಗೆ ಐದರಂತೆ 930. ಬಾಯಲ್ಲೇ ಲೆಕ್ಕ ಹಾಕಿ ಹೇಳಿದೆ.

"ಈಗ ನಾಕು ನೂರು ಕೊಡ್ತೀನಿ ಸರ್, ಉಳಿದಿದ್ದು ಪಗಾರ ಆದ ಮ್ಯಾಲೆ."

"ಅರ್ಧಕ್ಕೆ ರಸೀದಿ ಬರೆಯೋಕೆ ಬರೋದಿಲ್ಲಮ್ಮ" ಎಂದೆ.

ಅವಳು ವಾದ ಮಾಡಲಿಲ್ಲ, ಅಳಲೂ ಇಲ್ಲ. ಹೋದಳು. ನನ್ನ ಕಿಸೆಯಲ್ಲಿ ಆ ತಿಂಗಳ ಮನೆಖರ್ಚಿನ ಹಣ ಇತ್ತು. ಅದರಿಂದ 530 ರೂಪಾಯಿ ತೆಗೆದು ಇಡಬಹುದಿತ್ತು ಎಂಬುದನ್ನು ನಾನು ಬೇಡವೆಂದು ತೀರ್ಮಾನಿಸಿದೆ ಅಂತಲ್ಲ. ಅದು ಹೊಳೆಯಲೇ ಇಲ್ಲ. ಯೋಚಿಸಿದಷ್ಟೂ ನನಗೆ ಭಯ ಹುಟ್ಟಿಸುವುದು ಇದೇ.

ಎರಡೂವರೆ ತಾಸಿನ ಮೇಲೆ ಅವಳು ಚಾಳಿನ ಇಬ್ಬರು ಗಂಡಸರ ಜೊತೆ ತಿರುಗಿ ಬಂದಳು. ಇಬ್ಬರೂ ಮರಾಠಿಯವರು, ಒಬ್ಬರ ಹಣೆಯ ಮೇಲೆ ಗಂಧದ ನಾಮ. ಖೋಲಿ ಖೋಲಿಗೆ ಹೋಗಿ ಪಟ್ಟಿ ಎತ್ತಿದ್ದಾರೆಂದು ಆಮೇಲೆ ತಿಳಿಯಿತು. ಕರವಸ್ತ್ರ ಬಿಚ್ಚಿ ಮೇಜಿನ ಮೇಲೆ ಸುರಿದರು. ಹತ್ತರ ನೋಟು, ಐದರದ್ದು, ಎರಡರದ್ದು, ಚಿಲ್ಲರೆ. ನಾನು ಎಣಿಸಿದೆ. ಅಭ್ಯಾಸಬಲ, ಎರಡು ಸಲ ಎಣಿಸಿದೆ. ಸರಿಯಾಗಿ 930 ಇತ್ತು. ರಸೀದಿ ಬರೆದೆ: ಫೆಬ್ರುವರಿ 1982ರಿಂದ ಜುಲೈ 1997ರವರೆಗಿನ ವಂತಿಗೆ ಬಾಬ್ತು. ಪತ್ರವನ್ನೂ ಬರೆದುಕೊಟ್ಟೆ. ಗಂಧ ಹಚ್ಚಿದವರು "ಝಾಲಂ ನಾ ಸಾಹೇಬ್?" ಎಂದರು. ಆಯಿತಲ್ಲ ಸಾಹೇಬರೇ, ಅಂತ. ಆಯಿತು ಎಂದೆ.

ಮರುದಿನ ಬೆಳಿಗ್ಗೆ ಶಿವಡಿಯ ಸ್ಮಶಾನದಲ್ಲಿ ಮಣ್ಣು. ಸುರಿವ ಮಳೆ. ಚಾಳಿನವರು ಇಪ್ಪತ್ತರ ಮೇಲಿದ್ದರು, ನಮ್ಮ ಸಭೆಯಿಂದ ಅಯ್ಯನವರು ಸೇರಿ ನಾಲ್ಕು ಜನ. ನಾಲ್ಕೇ ಜನ ಹಾಡುವಾಗ ಹಾಡು ಎಷ್ಟು ಸಣ್ಣದಾಗಿ ಕೇಳುತ್ತದೆ ಎಂದು ಅವತ್ತು ಗೊತ್ತಾಯಿತು. ಉಳಿದವರು ಕೈ ಮುಗಿದುಕೊಂಡು ನಿಂತಿದ್ದರು. ಸಂಜೆ ಅಯ್ಯನವರು ರಸೀದಿ ಪುಸ್ತಕದ ಅರ್ಧಪ್ರತಿ ನೋಡಿದರು. "ನನಗಾಗಿ ಕಾಯಬಹುದಿತ್ತು" ಎಂದರು, ಅಷ್ಟೇ.

ಅವತ್ತು ರಾತ್ರಿ ಟ್ರೇನಿನಲ್ಲಿ ಮನೆಗೆ ಬರುವಾಗ ಆ ತಾರೀಖು ತಲೆಗೆ ಹತ್ತಿತು. 1982ರ ಜನವರಿ. ಆ ತಿಂಗಳ 18ಕ್ಕೇ ಅಲ್ಲವೇ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾದದ್ದು. ಎರಡೂವರೆ ಲಕ್ಷದಷ್ಟು ಕಾಮಗಾರರು ಹೊರಗೆ ಬಂದರು. ಎಷ್ಟೋ ಜನ ತಿರುಗಿ ಒಳಗೆ ಹೋಗಲೇ ಇಲ್ಲ. ಆ ಹುಡುಗಿಯ ತಂದೆ ಗಿರಣಿಯಲ್ಲಿದ್ದವರು, ಮುಷ್ಕರದ ನಂತರ ಒಂದು ಗೋದಾಮಿನಲ್ಲಿ ರಾತ್ರಿ ಕಾವಲಿಗಿದ್ದವರು. ವಂತಿಗೆ ನಿಂತದ್ದಕ್ಕೆ ಕಾರಣ ರಿಜಿಸ್ಟರಿನಲ್ಲಿ ಇತ್ತು, ಓದಲು ಬರಬೇಕಿತ್ತು. ಆ ಪೆನ್ಸಿಲಿನ ಚುಕ್ಕೆಯ ಅರ್ಥವೂ ಆಗಲೇ ಆದದ್ದು.

ಇಷ್ಟು ಹೇಳಿದ ಮೇಲೆ, ಇದನ್ನು ಇಟ್ಟುಕೊಂಡು ನಾನು ಇಷ್ಟು ವರ್ಷ ಏನು ಯೋಚಿಸಿದೆ ಎಂದೂ ಹೇಳಬೇಕು.

ಫರಿಸಾಯ ಮತ್ತು ಸುಂಕದವನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಲೂಕನ ಸುವಾರ್ತೆಯಲ್ಲಿ ಬರುತ್ತದೆ. ಇಬ್ಬರು ದೇವಾಲಯಕ್ಕೆ ಪ್ರಾರ್ಥಿಸಲು ಹೋಗುತ್ತಾರೆ. ಫರಿಸಾಯ ಮುಂದೆ ನಿಂತು, ವಾರಕ್ಕೆ ಎರಡು ಉಪವಾಸ ಮಾಡುತ್ತೇನೆ, ಗಳಿಕೆಯ ಹತ್ತನೇ ಒಂದು ಪಾಲು ಕೊಡುತ್ತೇನೆ ಎಂದು ದೇವರಿಗೇ ಲೆಕ್ಕ ಒಪ್ಪಿಸುತ್ತಾನೆ. ಸುಂಕದವನು ದೂರದಲ್ಲೇ ನಿಂತು ಎದೆ ಬಡಿದುಕೊಳ್ಳುತ್ತಾನೆ. ದೇವರ ಮುಂದೆ ನೆಟ್ಟಗಾಗಿ ಮನೆಗೆ ಹೋದವನು ಸುಂಕದವನು ಎಂದು ಯೇಸು ಹೇಳುತ್ತಾನೆ. ಈ ಕಥೆಯ ಮೇಲೆ ಪ್ರಸಂಗ ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ಫರಿಸಾಯ ಸುಳ್ಳುಗಾರ ಎಂಬಂತೆಯೇ ಹೇಳುತ್ತಾರೆ. ಬ್ಯಾಂಕಿನವನ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಫರಿಸಾಯ ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಅವನ ಉಪವಾಸ ನಿಜ, ಅವನು ಕೊಟ್ಟ ಹಣ ನಿಜ. ಸಾಲ ಕೊಡಬೇಕಾದರೆ ನಾನು ಅವನಿಗೇ ಕೊಡುತ್ತಿದ್ದೆ, ಸುಂಕದವನಿಗಲ್ಲ. ಅವನ ಲೆಕ್ಕದಲ್ಲಿ ಒಂದೇ ಒಂದು ನಮೂದು ಅವನದಲ್ಲದ್ದು: "ಆ ಸುಂಕದವನ ಹಾಗಲ್ಲ." ಬೇರೆಯವನ ಖಾತೆಗೆ ಕೈ ಹಾಕಿದ.

ನನ್ನದೂ ಅದೇ. ನಾನು ಸುಳ್ಳು ಹೇಳಿರಲಿಲ್ಲ, ಹಣ ತಿಂದಿರಲಿಲ್ಲ. ಯಾವ ಇನ್ಸ್‌ಪೆಕ್ಟರು ಬಂದು ಆ ಪುಟ ನೋಡಿದರೂ ತಪ್ಪು ಸಿಗುತ್ತಿರಲಿಲ್ಲ.

ಚಿಕ್ಕವರಿದ್ದಾಗ ಬೆಟಗೇರಿಯಲ್ಲಿ ನಮಗೊಂದು ಜಂಬ ಇತ್ತು. ಕೆಥೋಲಿಕರು ಜಪಮಾಲೆ, ಮೂರ್ತಿ, ಮೊಂಬತ್ತಿಯವರು. ನಾವು ಹಾಗಲ್ಲ, ನಮ್ಮದೆಲ್ಲ ಹೃದಯದ ಒಳಗಿನದು ಅಂತ. ಮುಂಬಯಿಗೆ ಬಂದ ಹೊಸದರಲ್ಲಿ ಸೆಪ್ಟೆಂಬರಿನ ಬಾಂದ್ರಾ ಜಾತ್ರೆಗೆ ಹೋಗಿದ್ದೆ. ಮೌಂಟ್ ಮೇರಿ ಗುಡ್ಡದ ಮೆಟ್ಟಿಲ ಬದಿಗೆ ಮೇಣದ ಕೈ, ಮೇಣದ ಕಾಲು, ಮೇಣದ ಮನೆ ಮಾರುತ್ತಿದ್ದರು. ಕಾಲುನೋವು ಇದ್ದವರು ಕಾಲು ಅರ್ಪಿಸಬೇಕು, ಮನೆ ಬೇಕಾದವರು ಮನೆ. ಎಲ್ಲ ಜಾತಿ ಧರ್ಮದವರೂ ಸಾಲಿನಲ್ಲಿದ್ದರು. ನಾನು ಒಳಗೊಳಗೇ ನಕ್ಕಿದ್ದೆ. 1997ರ ನಂತರ ಆ ನಗುವಿಗೆ ನನಗೆ ಹಕ್ಕಿಲ್ಲದಂತಾಯಿತು. ಮೇಣದ ಕಾಲು ಕೊಂಡ ಮುದುಕಿ ಯಾರನ್ನೂ ಮಳೆಯಲ್ಲಿ ತಿರುಗಿ ಕಳಿಸಿರಲಿಕ್ಕಿಲ್ಲ.

ನಮ್ಮ ಜಂಬಕ್ಕೆ ಒಂದು ಇತಿಹಾಸವೂ ಇತ್ತು, ಅದನ್ನು ನಾನು ತಡವಾಗಿ ಓದಿಕೊಂಡೆ. ಲೂಥರ್ 1517ರಲ್ಲಿ ಪಾಪಕ್ಷಮೆಯ ಪತ್ರ ಮಾರುವುದರ ವಿರುದ್ಧ ಎದ್ದ. ನೂರೈವತ್ತು ವರ್ಷ ಕಳೆಯುವುದರೊಳಗೆ ಅವನ ಹೆಸರಿನ ಸಭೆಯೇ ಮರಗಟ್ಟಿತ್ತು. ಜನ ಭಾನುವಾರ ಬಂದು ಕೂತು ಎದ್ದು ಹೋಗುತ್ತಿದ್ದರು. ಆಗ ಫ್ರಾಂಕ್‌ಫರ್ಟಿನ ಪಾದ್ರಿ ಸ್ಪೇನರ್ ಎಂಬವರು ಮನೆಗಳಲ್ಲಿ ಸಣ್ಣ ಕೂಟ ಸೇರಿಸಿ, ವೇದ ಓದಿ, ಮನಸ್ಸು ಬಿಚ್ಚಿ ಮಾತಾಡುವ ರೂಢಿ ಹಾಕಿದರು; 1675ರಲ್ಲಿ ಇದನ್ನೇ ಕುರಿತು ಒಂದು ಪುಸ್ತಕವನ್ನೂ ಬರೆದರು. ಬಾಯಿಪಾಠದ ಮತಕ್ಕಿಂತ ಎದೆಯೊಳಗಿನ ಭಕ್ತಿ ದೊಡ್ಡದು ಎಂಬ ಈ ಪಂಥಕ್ಕೆ ಪಿಯೆಟಿಸಂ ಎಂದು ಹೆಸರಾಯಿತು. 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿದ್ದು ಇದೇ ಪಂಥದವರಿಂದ. ಅಂದರೆ ನಮ್ಮ ಓಣಿಗೆ ಬಂದ ಕ್ರಿಸ್ತಮತ ಹೊರಗಿನ ಆಚಾರವನ್ನು ಒಪ್ಪದವರ ಕ್ರಿಸ್ತಮತ.

ಆದರೆ ಅವರೇ ಇಲ್ಲಿ ಸಭೆ ಕಟ್ಟುವಾಗ ಏನು ಮಾಡಿದರು? ವಿವರವಾದ ನಿಯಮ ಬರೆದರು. ಭಾನುವಾರ ಹೇಗಿರಬೇಕು, ಮದುವೆ ಹೇಗಿರಬೇಕು, ಯಾರನ್ನು ಕರ್ತನ ಭೋಜನದಿಂದ ಹೊರಗಿಡಬೇಕು. ಮಾಡದೆ ಗತಿಯೂ ಇರಲಿಲ್ಲ. ಜಾತಿ, ಬಂಧುಬಳಗ ಬಿಟ್ಟು ಬಂದವರನ್ನು ಒಂದು ಕಡೆ ನಿಲ್ಲಿಸಬೇಕಾದರೆ ಬರೀ ಹೃದಯ ಸಾಲದು. ಆದರೆ ಮೊಮ್ಮಕ್ಕಳ ಕಾಲಕ್ಕೆ ನಿಯಮ ಉಳಿಯಿತು, ಅದನ್ನು ಬರೆಸಿದ ಉರಿ ಉಳಿಯಲಿಲ್ಲ. ಅವರ ಮನೆಗಳಲ್ಲೂ ಇದೇ ಆದದ್ದು. ತಲಶ್ಶೇರಿಯಲ್ಲಿದ್ದ ಮಿಶನರಿ ಗುಂಡರ್ಟರ ಮೊಮ್ಮಗ ಹರ್ಮನ್ ಹೆಸ್ಸೆ, ನಮ್ಮಲ್ಲೂ ಓದಿರುವ 'ಸಿದ್ಧಾರ್ಥ'ದ ಕರ್ತೃ, ಹದಿನಾಲ್ಕನೇ ವಯಸ್ಸಿನಲ್ಲಿ ಆ ಶಿಸ್ತು ತಾಳಲಾರದೆ ಧಾರ್ಮಿಕ ಶಾಲೆಯಿಂದ ಓಡಿಹೋಗಿದ್ದ. 1892ರ ಮಾತು.

ಹಾಗಾದರೆ ಹೊರಗಿನದನ್ನೆಲ್ಲ ಕಿತ್ತೆಸೆಯಬೇಕೇ? ಕೆಲವು ಕಾಲ ನನಗೂ ಹಾಗೇ ಅನ್ನಿಸಿತ್ತು. ಸಭೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಮನೆಯಲ್ಲೇ ಕೂತು ಪ್ರಾರ್ಥಿಸುತ್ತೇನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಮನೆಯಲ್ಲಿ ಕೂತವನು ಪ್ರಾರ್ಥಿಸಲಿಲ್ಲ, ಪೇಪರ್ ಓದಿದೆ.

ಅವ್ವನ ಮಾತು ಇಲ್ಲಿ ಬರಬೇಕು. ಅವ್ವ ಹೊರಗಿನ ಆಚರಣೆಯಲ್ಲಿ ಒಂದು ಕೂದಲೆಳೆ ತಪ್ಪಿದವಳಲ್ಲ. ಶನಿವಾರ ರಾತ್ರಿಯೇ ಬಿಳಿ ಸೀರೆ ಮಡಿಸಿ ತಲೆದಿಂಬಿನ ಕೆಳಗೆ ಇಡುವಳು, ಅದೇ ಇಸ್ತ್ರಿ. ಎಡಗಡೆ ಮೂರನೇ ಬೆಂಚು, ಕಿಟಕಿ ಪಕ್ಕ, ನಲವತ್ತು ವರ್ಷ ಅದೇ ಜಾಗ. ಭಾನುವಾರ ಅಂಗಡಿಯಿಂದ ಒಂದು ಬೆಂಕಿಪೆಟ್ಟಿಗೆ ತಂದರೂ ಬೈಯುತ್ತಿದ್ದಳು. ಇವಳದು ಬರೀ ರೂಢಿ ಎಂದು ಕಾಲೇಜಿನ ದಿನಗಳಲ್ಲಿ ನಾನು ಹಗುರಾಗಿ ಮಾತಾಡಿದ್ದುಂಟು. ಅವಳು ಕೊನೆಯ ಸಲ ಮುಂಬಯಿಗೆ ಬಂದು ನಮ್ಮಲ್ಲಿ ಆರು ತಿಂಗಳಿದ್ದಾಗ, ಒಂದು ಭಾನುವಾರ ನಾನು ಸಭೆಗೆ ಬರುವುದಿಲ್ಲ ಎಂದೆ. ಮನಸ್ಸಿಲ್ಲದೆ ಹೋಗಿ ಕೂರುವುದು ಮೋಸ ಅಂತ ಏನೇನೋ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿಮ್ಮಪ್ಪ ಸತ್ತ ಮ್ಯಾಲೆ ಐದಾರು ವರ್ಷ ನನ್ನ ಒಳಗೂ ಏನೂ ಇದ್ದಿದ್ದಿಲ್ಲೋ ತಮ್ಮಾ. ಕಣ್ಣ ಮುಚ್ಚಿದ್ರ ಬರೇ ಕತ್ತಲಿ. ದೇವ್ರು ನನ್ನ ಕೂಡ ಮಾತಾಡೋದ ಬಿಟ್ಟಿದ್ದ."

"ಮತ್ಯಾಕ ಹೋಗ್ತಿದ್ದಿ?"

"ನೂಲು ಬರಲಿಲ್ಲಂತ ಯಾರರ ಮಗ್ಗ ಕಿತ್ತ ಒಗೀತಾರೇನು?"

ಆ ಐದಾರು ವರ್ಷವೂ ಅವಳನ್ನು ನಾನು ನೋಡಿದ್ದೆ. ಮೂರನೇ ಬೆಂಚಿನಲ್ಲಿ ಅವಳ ಪಕ್ಕವೇ ಕೂತಿದ್ದೆ. ಏನೂ ತಿಳಿದಿರಲಿಲ್ಲ. ಹೊರಗಿನಿಂದ ನೋಡಿದರೆ ಆ ಖಾಲಿ ವರ್ಷಗಳಿಗೂ ತುಂಬಿದ ವರ್ಷಗಳಿಗೂ ಏನೇನೂ ವ್ಯತ್ಯಾಸವಿರಲಿಲ್ಲ. ಅವಳನ್ನು ಕಪಟಿ ಎನ್ನಲಾದೀತೇ? ಕಪಟಕ್ಕೆ ಸುವಾರ್ತೆಯ ಗ್ರೀಕಿನಲ್ಲಿ ಬಳಸಿದ ಪದಕ್ಕೆ ನಾಟಕದ ವೇಷಧಾರಿ ಎಂಬ ಅರ್ಥವಿದೆಯಂತೆ. ವೇಷಧಾರಿಗೆ ನೋಡುವವರು ಬೇಕು. ಅವ್ವ ಯಾರಿಗೂ ತೋರಿಸುತ್ತಿರಲಿಲ್ಲ. ನಿಯಮವನ್ನು ಅವಳು ತನ್ನ ಮೇಲೆ ಹಾಕಿಕೊಂಡಿದ್ದಳು, ಅದು ಅವಳನ್ನು ಹೊತ್ತು ದಾಟಿಸಿತು. ಅದೇ ಸಭೆಯ ನಿಯಮವನ್ನು ನಾನು ಇನ್ನೊಬ್ಬಳ ಮೇಲೆ ಹಾಕಿದೆ. ವ್ಯತ್ಯಾಸ ಒಳಗಿನದು ಹೊರಗಿನದು ಎಂಬುದರಲ್ಲಿ ಇಲ್ಲವೇನೋ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ. ಯೇಸು ಕೂಡ, ಪುದೀನ ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸಿ ಕೊಟ್ಟು ನ್ಯಾಯ, ಕರುಣೆ ಮರೆತವರನ್ನು ಬೈದನೇ ಹೊರತು, ಜೀರಿಗೆಯ ಪಾಲು ಕೊಡಲೇಬೇಡಿ ಎಂದು ಹೇಳಲಿಲ್ಲ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಆ ಘಟನೆಯ ನಂತರ ಕೆಲವು ವರ್ಷ ನಾನು ಆ ಮನುಷ್ಯನ ಬಗ್ಗೆ ವಿಚಾರಿಸುತ್ತಿದ್ದೆ. ನಾನು ಅವರನ್ನು ಜೀವಂತ ನೋಡಿದವನೇ ಅಲ್ಲ. ಒಬ್ಬರು ಚೆನ್ನಾಗಿ ಹಾಡುತ್ತಿದ್ದರು ಎಂದರು. ಇನ್ನೊಬ್ಬರು ಮುಷ್ಕರದ ಮೇಲೆ ಕುಡಿತ ಹಿಡಿದರು ಎಂದರು. ಮತ್ತೊಬ್ಬರಿಗೆ ನೆನಪೇ ಇರಲಿಲ್ಲ. ಅವರು ಸಭೆಗೆ ಬರದಿದ್ದರೂ ದಿನಾ ರಾತ್ರಿ ಗೋದಾಮಿನ ಬಾಗಿಲಲ್ಲಿ ಕೂತು ವೇದ ಓದುತ್ತಿದ್ದರು ಎಂದು ಯಾರಾದರೂ ಹೇಳಲಿ ಎಂದು ನಾನು ಕಾಯುತ್ತಿದ್ದೆ. ಹಾಗಾದರೆ ನನ್ನ ತಪ್ಪು ದೊಡ್ಡದಾಗುತ್ತಿತ್ತು, ಕಥೆಯೂ ಚೆನ್ನಾಗಿರುತ್ತಿತ್ತು. ಅಥವಾ ಅವರಿಗೆ ದೇವರಲ್ಲಿ ನಂಬಿಕೆಯೇ ಇರಲಿಲ್ಲ ಎಂದು ಯಾರಾದರೂ ಹೇಳಿದರೂ ಒಂದು ಬಗೆಯ ಸಮಾಧಾನ ಸಿಗುತ್ತಿತ್ತು. ಯಾರೂ ಎರಡನ್ನೂ ಹೇಳಲಿಲ್ಲ. ಬಹಳ ತಡವಾಗಿ ನನಗೆ ತಿಳಿದದ್ದೆಂದರೆ, ನಾನು ಮತ್ತೆ ಇನ್ಸ್‌ಪೆಕ್ಷನ್ನಿಗೇ ಕೂತಿದ್ದೆ. ಮೊದಲು ವಂತಿಗೆಯ ಕಾಲಂ ನೋಡಿದೆ, ಈಗ ಭಕ್ತಿಯ ಕಾಲಂ. ಅವರ ಎದೆಯಲ್ಲಿ ಏನಿತ್ತು ಎಂಬುದು ಆ ಶನಿವಾರದ ಪ್ರಶ್ನೆಯೇ ಆಗಿರಲಿಲ್ಲ. ತೊಯ್ದು ನಿಂತಿದ್ದ ಹುಡುಗಿಗೆ ಒಂದು ಕುರ್ಚಿ ಕೊಡಲು ಅದು ಗೊತ್ತಿರಬೇಕಾದ್ದೂ ಇಲ್ಲ. ಕುರ್ಚಿ ಕೊಟ್ಟಿರಲಿಲ್ಲ, ಅದೂ ಈಗ ಬರೆಯುವಾಗ ನೆನಪಾಯಿತು.

ಫೌಂಟನ್ನಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹುಡುಕುವ ಚಟ ನನಗಿತ್ತು. ಅಲ್ಲಿ ಸಿಕ್ಕ ಒಂದು ಪುಸ್ತಕದಿಂದ ಡೆನ್ಮಾರ್ಕಿನ ಕೀರ್ಕೆಗಾರ್ಡ್ ಎಂಬ ತತ್ತ್ವಜ್ಞಾನಿಯ ಬಗ್ಗೆ ಓದಿದೆ. ಆ ದೇಶದಲ್ಲಿ ಆಗ ಹುಟ್ಟಿದವರು ಬಹುತೇಕ ಎಲ್ಲರೂ ರಿಜಿಸ್ಟರಿನ ಪ್ರಕಾರ ಕ್ರೈಸ್ತರು, ಪಾದ್ರಿಗಳು ರಾಜನ ಸಂಬಳದ ನೌಕರರು. ಹೀಗೆ ಎಲ್ಲರೂ ಕ್ರೈಸ್ತರೇ ಆದಲ್ಲಿ ನಿಜವಾದ ಕ್ರೈಸ್ತ ಸಿಗುವುದಿಲ್ಲ ಎಂದು ಆತ ಕೊನೆಯ ವರ್ಷಗಳಲ್ಲಿ ಸಭೆಯ ಮೇಲೆ ಹರಿಹಾಯ್ದ. 1855ರ ನವೆಂಬರಿನಲ್ಲಿ ಆಸ್ಪತ್ರೆಯಲ್ಲಿ ಸಾಯುವಾಗ, ಪಾದ್ರಿಯ ಕೈಯಿಂದ ಪ್ರಭುಭೋಜನ ಬೇಡ, ಸಾಮಾನ್ಯ ಮನುಷ್ಯನೊಬ್ಬ ಕೊಟ್ಟರೆ ತೆಗೆದುಕೊಳ್ಳುತ್ತೇನೆ ಎಂದ. ಅದಾಗಲಿಲ್ಲ. ಸತ್ತ ಮೇಲೆ ಅವನನ್ನು ಮಣ್ಣು ಮಾಡಿದ್ದು ಅದೇ ಸಭೆ. ಪ್ರಾರ್ಥನೆಯಲ್ಲಿ ಮಾತಾಡಿದ್ದು ಅವನ ಅಣ್ಣ, ಆತನೂ ಪಾದ್ರಿ. ಸಮಾಧಿಯ ಬಳಿ ಸೋದರಳಿಯನೊಬ್ಬ ಎದ್ದು ನಿಂತು, ಬೇಡವೆಂದವನನ್ನು ನಿಮ್ಮವನೆಂದು ಹೂಳಲು ನಿಮಗೆ ಹಕ್ಕಿಲ್ಲ ಎಂದು ಪ್ರತಿಭಟಿಸಿದ.

ಓದಿದಾಗ ಸೋದರಳಿಯನ ಮಾತೇ ಸರಿ ಎನ್ನಿಸಿತು. ನಿಯಮ ಅಂದರೆ ನಿಯಮ. ಆಮೇಲೆ ನಮ್ಮ ಪೆನ್ಸಿಲಿನ ಚುಕ್ಕೆ ನೆನಪಾಯಿತು. ಇಷ್ಟೆಲ್ಲ ಬೈಸಿಕೊಂಡ ಸಭೆ ಬಾಕಿ ಕೇಳದೆ ಅವನನ್ನು ಹೂತಿತು. ಅದು ಮೈಗಳ್ಳತನವೋ, ಮರ್ಯಾದೆಯ ಪ್ರಶ್ನೆಯೋ, ಕರುಣೆಯೋ ಹೇಳಲಾರೆ. ಕೀರ್ಕೆಗಾರ್ಡನದು ದೊಡ್ಡ ಎದೆ, ಒಪ್ಪುತ್ತೇನೆ. ಆದರೆ ಒಳಗೆ ಕತ್ತಲಿದ್ದೂ ಮೂರನೇ ಬೆಂಚಿನಲ್ಲಿ ಕೂತವಳನ್ನು ಅವನು ಯಾವ ಸಾಲಿಗೆ ಸೇರಿಸುತ್ತಿದ್ದ? ಅವನ ಪುಸ್ತಕದಲ್ಲಿ ಅವ್ವನಂಥವರಿಗೆ ಜಾಗ ಇದ್ದ ಹಾಗೆ ನನಗೆ ಕಾಣಲಿಲ್ಲ.

2003ರಲ್ಲಿ ಆ ಮೂರು ವರ್ಷದ ನಿಯಮವನ್ನು ತೆಗೆಯ
ಬೇಕೆಂದು ನಾನು ಸಭೆಯ ವಾರ್ಷಿಕ ಕೂಟದಲ್ಲಿ ಸೂಚಿಸಿದೆ. ದೊಡ್ಡ ಚರ್ಚೆಯಾಗುತ್ತದೆ ಎಂದು ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ. ಐದು ನಿಮಿಷದಲ್ಲಿ ಪಾಸಾಯಿತು. ಅಷ್ಟರಲ್ಲಿ ಸಭೆಯಲ್ಲಿ ತಿಂಗಳಿಗೆ ಐದು ರೂಪಾಯಿ ಕೊಡಲಾಗದವರು ಯಾರೂ ಉಳಿದಿರಲಿಲ್ಲ. ಗಿರಣಿಯವರ ಕುಟುಂಬಗಳು ಒಂದೊಂದೇ ಊರಿಗೋ ಡೊಂಬಿವಲಿಯ ಆಚೆಗೋ ಹೋಗಿಯಾಗಿತ್ತು.

2012ರಲ್ಲಿ ನಾನು ಠಾಣೆ ಕಡೆಯ ಒಂದು ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ಒಂದು ದಿನ ಫಿಕ್ಸೆಡ್ ಡಿಪಾಜಿಟ್ ನವೀಕರಿಸಲು ಬಂದ ಹೆಂಗಸೊಬ್ಬಳು ಫಾರ್ಮ್ ತುಂಬುತ್ತ ತುಂಬುತ್ತ ನನ್ನ ಕ್ಯಾಬಿನ್ನಿನ ಕಡೆ ನೋಡಿದಳು. ಆಮೇಲೆ ಒಳಗೆ ಬಂದಳು.

"ಸರ್, ಗುರುತು ಸಿಕ್ತಾ?"

ಸಿಕ್ಕಿತು. ಎದ್ದು ನಿಂತೆ. ಹದಿನೈದು ವರ್ಷ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡ ಮಾತುಗಳಿದ್ದವು. ಬಾಯಿ ತೆರೆಯುವುದರೊಳಗೆ ಅವಳೇ ಮಾತಾಡಿದಳು.

"ನಿಮ್ಮ ಉಪಕಾರ ಭಾಳ ಆತ್ರೀ ಸರ್. ನನ್ನ ಮದುವಿ ಪುಣೆದಾಗಿತ್ತು. ಅಲ್ಲಿ ಚರ್ಚಿನವರು ಮನೆತನದ ಸಭಾ ಪತ್ರ ಕೇಳಿದ್ರು. ನನ್ನ ಹತ್ರ ನಿಮ್ಮ ರಸೀದಿ ಇತ್ತಲ್ಲ, ಅದನ್ನ ತೋರ್ಸಿದ್ವಿ. ಹದಿನೈದು ವರ್ಷದ ವಂತಿಗಿ ಪೂರಾ ಕಟ್ಯಾರಂತ ನೋಡಿ ಒಂದ ಮಾತ ಆಡಲಿಲ್ಲ ಅವರು. ಅಪ್ಪನ ಹೆಸರು ಅದರಾಗ ಎಷ್ಟ ಚಂದ ಬರದೀರಿ. ಲ್ಯಾಮಿನೇಟ್ ಮಾಡ್ಸಿ ಇಟ್ಟೀನಿ."

ಅವಳು ವ್ಯಂಗ್ಯವಾಡುತ್ತಿದ್ದಾಳೋ ಎಂದು ಮುಖ ನೋಡಿದೆ. ಅಂಥದ್ದೇನೂ ಇರಲಿಲ್ಲ. ನಾನು ಹೇಳಬೇಕೆಂದಿದ್ದನ್ನು ಹೇಳಿದರೆ ಆ ರಸೀದಿ ಅವಳ ಕೈಯಲ್ಲಿ ಏನಾಗಬಹುದು ಎಂದು ಒಂದು ಕ್ಷಣ ಯೋಚನೆ ಬಂತು.

"ಕೂಡಮ್ಮ" ಎಂದು ಕುರ್ಚಿ ಎಳೆದುಕೊಟ್ಟೆ. ಚಹಾ ತರಿಸಿದೆ. ಮಕ್ಕಳೆಷ್ಟು ಎಂದು ಕೇಳಿದೆ. ಇಬ್ಬರು ಎಂದಳು; ದೊಡ್ಡವನಿಗೆ ಅಪ್ಪನ ಹೆಸರನ್ನೇ ಇಟ್ಟಿದ್ದಳು. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ ಎಂದಳು.